ಮುಂದಿನ ವಾರ ರೇಡಿಯೇಶನ್ ಶುರು, ಮಾಸ್ಕ್ ನೆನೆಸಿಕೊಂಡರೇ ಎದೆ ಡವಗುಟ್ಟುತ್ತದೆ. ದಾಟಿ ಬಂದವರು ಇದ್ದರೆ ಹೇಳಿ

ಪಾಂಡವಪುರ_ಕಬ್ಬುಗದ್ದೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ವಯಸ್ಸು ಐವತ್ತು ದಾಟಿದೆ. ಪಾಂಡವಪುರ ಕಡೆಯವನು. ಒಂದಿಷ್ಟು ಕಬ್ಬು, ಭತ್ತ, ಜೊತೆಗೆ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಾಲಿಗೆಯ ಪಕ್ಕದಲ್ಲಿ ಆದ ಹುಣ್ಣು ವಾಸಿಯಾಗಲೇ ಇಲ್ಲ, ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತ ಬಂತು. ಮೈಸೂರಿನಲ್ಲಿ ಆಪರೇಶನ್ ಆಯಿತು, ಕತ್ತಿನ ಗಂಟುಗಳನ್ನೂ ತೆಗೆದರು. ತೆಗೆದದ್ದರ ರಿಪೋರ್ಟ್ ನೋಡಿ ಡಾಕ್ಟರು 30 ಸಲ ರೇಡಿಯೇಶನ್ ಬೇಕು ಅಂದರು. ಸೋಮವಾರದಿಂದ ಶುಕ್ರವಾರ, ಆರು ವಾರ. ಸದ್ಯ ಕೀಮೋ ಬೇಡವಂತೆ.

ಆಪರೇಶನ್‌ಗೆ ನಾನು ಇಷ್ಟು ಹೆದರಿರಲಿಲ್ಲ. ಮತ್ತು ಬರಿಸಿದರು, ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಆದರೆ ಹೋದ ವಾರ ಮಾಸ್ಕ್ ಮಾಡಲು ಕರೆದರು. ತೂತು ತೂತು ಇರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಿಂದ ತೆಗೆದು, ನೆತ್ತಿಯಿಂದ ಭುಜದವರೆಗೆ ಎಳೆದು ಒತ್ತಿ, ಎರಡೂ ಕಡೆ ಟಕ್ ಟಕ್ ಅಂತ ಹಲಗೆಗೆ ಲಾಕ್ ಮಾಡಿದರು. ಬಾಯಿ ತೆರೆಯಲು ಆಗುವುದಿಲ್ಲ, ತಲೆ ಅಲ್ಲಾಡಿಸಲು ಆಗುವುದಿಲ್ಲ. ನಾಲಿಗೆ ಕುಯ್ದಿರುವುದರಿಂದ ನನಗೆ ಎಂಜಲು ನುಂಗುವುದೇ ಕಷ್ಟ, ಅದು ಗಂಟಲಿಗೆ ಇಳಿದು ಕೆಮ್ಮು ಬಂದಂತಾಯಿತು, ಆಗ ಎದೆ ಹೊಡೆದುಕೊಂಡ ಪರಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಹೇಗೋ ಮುಗಿಯಿತು. ಹೊರಗೆ ಬಂದಾಗ ಹೆಂಡತಿ ಹೇಗಾಯ್ತು ಅಂದಳು, ಏನೂ ಇಲ್ಲ ಅಂದೆ.

ಆವತ್ತಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ. ಎದ್ದು ಜಗುಲಿಯಲ್ಲಿ ಕೂರುತ್ತೇನೆ. ಗಾಯ ನೋಯುತ್ತಿದೆ ಅಂತ ಅವಳು ಅಂದುಕೊಂಡಿದ್ದಾಳೆ.

ಕೇಳಬೇಕಾದ್ದು ಇಷ್ಟು. ಆ ಮಾಸ್ಕ್ ಹಾಕಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕುತ್ತಾರಂತೆ, ಒಳಗೆ ಕೆಮ್ಮು ಬಂದರೆ, ವಾಂತಿ ಬಂದರೆ ಏನು ಮಾಡೋದು? ಕರೆಂಟ್ ಹೋದರೆ? ನಮ್ಮ ಊರಲ್ಲಿ ಒಬ್ಬರು ಬಂದು ಮಾತಾಡಿಸುವ ನೆಪದಲ್ಲಿ, ಇಂಥವರಿಗೆ ಕರೆಂಟ್, ಅಂದರೆ ಇದೇ ರೇಡಿಯೇಶನ್, ಕೊಟ್ಟು ಕತ್ತೆಲ್ಲ ಸುಟ್ಟು ಕಪ್ಪಾಯಿತು ಅಂತ ಹೇಳಿ ಹೋದರು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಇದ್ದಾಳೆ, ನನ್ನ ಪಕ್ಕದಲ್ಲೇ ಮಲಗುವುದು, ಅವಳನ್ನು ದೂರ ಇಡಬೇಕಾ? ಮತ್ತೆ ಈ ಹೆದರಿಕೆಗೆ ಡಾಕ್ಟರ ಹತ್ತಿರ ಮಾತ್ರೆ ಕೇಳಿದರೆ ತಪ್ಪಾ? ಗಂಡಸು ಇಷ್ಟಕ್ಕೆಲ್ಲ ಮಾತ್ರೆ ಕೇಳ್ತಾನೆ ಅಂದುಕೊಳ್ಳುತ್ತಾರೇನೋ.

---

ಕುಕ್ಕರಹಳ್ಳಿ_ವಾಕರ್

ಅಣ್ಣಾ, ನಮಸ್ಕಾರ. ನನ್ನದು ಎಡ ಎದೆಯ ಕ್ಯಾನ್ಸರ್, ರೇಡಿಯೇಶನ್ ಮುಗಿದು ವರ್ಷದ ಮೇಲಾಯಿತು. ನನಗೆ ಮಾಸ್ಕ್ ಇರಲಿಲ್ಲ, ಹಾಗಾಗಿ ಅದರ ಬಗ್ಗೆ ಗೊತ್ತಿರುವವರ ಹಾಗೆ ಮಾತಾಡುವುದಿಲ್ಲ. ಆದರೆ ಆ ರೂಮು, ಆ ಬಾಗಿಲು, ಒಬ್ಬಳೇ ಮಲಗುವುದು, ಅದೆಲ್ಲ ಗೊತ್ತು.

ನನ್ನ ಹೆದರಿಕೆ ಹೃದಯದ್ದು. ಎಡಗಡೆ ಅಲ್ವಾ, ಕಿರಣ ಹೃದಯಕ್ಕೆ ತಗುಲಿದರೆ ಅಂತ. ಅದಕ್ಕೆ ನನಗೆ ಉಸಿರು ಎಳೆದು ಹಿಡಿದುಕೊಳ್ಳುವುದನ್ನು ಹೇಳಿಕೊಟ್ಟರು. ದೀರ್ಘವಾಗಿ ಉಸಿರು ತೆಗೆದುಕೊಂಡಾಗ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ಸ್ವಲ್ಪ ದೂರ ಸರಿಯುತ್ತದೆ, ಅಷ್ಟು ಹೊತ್ತು ಮಾತ್ರ ಮಷಿನ್ ಆನ್. ನನಗೆ ಇಪ್ಪತ್ತು ಸೆಕೆಂಡ್ ಹಿಡಿಯಲು ಆಗುತ್ತದಾ ಅನ್ನೋದೇ ಹೊಸ ಚಿಂತೆ ಆಯಿತು! ಮನೆಯಲ್ಲಿ ಅಡುಗೆ ಮಾಡುವಾಗ, ಟಿವಿ ನೋಡುವಾಗ, ಎಲ್ಲಾ ಕಡೆ ಉಸಿರು ಹಿಡಿದು ಅಭ್ಯಾಸ. ಒಂದು ಕೆಲಸ ಅಂತ ಕೈಗೆ ಸಿಕ್ಕಿದ ಮೇಲೆ ಸುಮ್ಮನೆ ಕೂತು ಹೆದರುವುದು ಕಡಿಮೆಯಾಯಿತು.

ನನ್ನ ಅನುಭವದಲ್ಲಿ ಶುರುವಾಗುವ ಮುಂಚಿನ ಈ ಕಾಯುವ ವಾರವೇ ಎಲ್ಲಕ್ಕಿಂತ ಕೆಟ್ಟದ್ದು. ಮಾಸ್ಕ್ ಅಥವಾ ಸ್ಕ್ಯಾನ್ ಆಯಿತು, ಮನೆಗೆ ಕಳಿಸಿದರು, ಫೋನ್ ಮಾಡ್ತೀವಿ ಅಂದರು. ಅಷ್ಟೇ. ಈ ದಿನಗಳಲ್ಲಿ ಅಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ಹೇಳುವುದಿಲ್ಲ, ತಲೆ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ.

ಒಂದು ಮಾತು. ಮನೆಯವರಿಗೆ ಹೇಳಿ ಅಣ್ಣಾ. ಮುಚ್ಚಿಟ್ಟರೆ ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಮೂರು ಗಂಟೆಗೆ ಗಂಡ ಎದ್ದು ಜಗುಲಿಯಲ್ಲಿ ಕೂತರೆ ಯಾವ ಹೆಂಡತಿ ನಿದ್ದೆ ಮಾಡುತ್ತಾಳೆ. ಅವರು ಇದಕ್ಕಿಂತ ದೊಡ್ಡದೇನೋ ಡಾಕ್ಟರು ನಿಮಗೆ ಹೇಳಿದ್ದಾರೆ ಅಂತ ಊಹಿಸಿಕೊಳ್ಳುತ್ತಿರಬಹುದು.

---

ಹಸಿರೌಷಧಿ_ನಂಬಿ

ರೇಡಿಯೇಶನ್ ಯಾಕೆ ಸ್ವಾಮಿ? ಆಪರೇಶನ್‌ನಲ್ಲಿ ಗಡ್ಡೆ ತೆಗೆದಾಗಿದೆಯಲ್ಲ. ಲಕ್ಷ್ಮಣಫಲದ ಎಲೆ ಕಷಾಯ ಬೆಳಿಗ್ಗೆ ಸಂಜೆ, ಜೊತೆಗೆ ಅಮೃತಬಳ್ಳಿ. ದೇಹವನ್ನು ಸುಡುವುದು ಬೇಡ. ಬೇಕಾದರೆ ಮೆಸೇಜ್ ಮಾಡಿ, ವಿವರ ಕೊಡುತ್ತೇನೆ.

---

ಮಷಿನ್‌ರೂಮ್_ಮೈಸೂರು

ಮೇಲಿನವರಿಗೆ ಮೊದಲು ಉತ್ತರಿಸಿ ಮುಂದೆ ಹೋಗುತ್ತೇನೆ. ಗಡ್ಡೆ ತೆಗೆದ ಮೇಲೂ ಕಣ್ಣಿಗೆ ಕಾಣದ ಕಣಗಳು ಆ ಜಾಗದಲ್ಲಿ, ಕತ್ತಿನಲ್ಲಿ ಉಳಿದಿರಬಹುದು ಅಂತ ರಿಪೋರ್ಟ್ ಹೇಳಿದಾಗಲೇ ರೇಡಿಯೇಶನ್ ಕೊಡುವುದು. ಇಂಥ ಕೇಸಿನಲ್ಲಿ ಆಪರೇಶನ್ ಆಗಿ ಸುಮಾರು ಆರು ವಾರದೊಳಗೆ ಶುರು ಮಾಡಬೇಕು ಅಂತ ನೋಡುತ್ತಾರೆ. ಕಷಾಯ ಕುಡಿಯುತ್ತಾ ಆ ಸಮಯ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅವರ ಕಥೆಯನ್ನು ಇಲ್ಲಿ ಬರೆಯುವುದಿಲ್ಲ, ಕೇಳಿದವರಿಗೆ ಈಗ ಬೇಕಿರುವುದು ಅದಲ್ಲ. ರೇಡಿಯೇಶನ್ ಜೊತೆಗೂ ಇಂಥದ್ದನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಪಾಂಡವಪುರದ ಸಾರ್, ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ಆ ಟಕ್ ಟಕ್ ಲಾಕ್ ಹಾಕುವವನು ನಾನೇ ಅಂದುಕೊಳ್ಳಿ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ನಿಮ್ಮ ಚಿಕಿತ್ಸೆಯ ವಿವರ ನಿಮ್ಮ ಡಾಕ್ಟರಿಗೇ ಗೊತ್ತು, ನಾನು ಹೇಳುವುದು ರೂಮಿನ ಒಳಗಿನ ವಿಷಯ ಮಾತ್ರ.

ಈ ವಾರ ಏನು ನಡೆಯುತ್ತಿದೆ ಅಂದರೆ, ಮಾಸ್ಕ್ ಹಾಕಿ ನಿಮಗೆ ಸಿಟಿ ಸ್ಕ್ಯಾನ್ ತೆಗೆದರಲ್ಲ, ಅದರ ಒಂದೊಂದು ಚಿತ್ರದ ಮೇಲೂ ಡಾಕ್ಟರು ಗೆರೆ ಎಳೆಯುತ್ತಾರೆ. ಇಲ್ಲಿಗೆ ಕಿರಣ ಬೇಕು, ಬೆನ್ನುಹುರಿಗೆ ಇಷ್ಟಕ್ಕಿಂತ ಹೆಚ್ಚು ಹೋಗಬಾರದು, ಜೊಲ್ಲು ಗ್ರಂಥಿಯನ್ನು ಆದಷ್ಟು ಉಳಿಸಬೇಕು, ಹೀಗೆ. ಆಮೇಲೆ ಫಿಸಿಸಿಸ್ಟ್, ಅಂದರೆ ಕಿರಣದ ಲೆಕ್ಕ ನೋಡುವ ತಜ್ಞರು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಯಾವ ಕೋನದಿಂದ ಎಷ್ಟು, ಎಷ್ಟು ಹೊತ್ತು ಅಂತ. ಅದನ್ನು ಡಾಕ್ಟರು ಒಪ್ಪಬೇಕು. ಬಳಿಕ ನೀವು ಇಲ್ಲದೆಯೇ, ಅಳತೆಯ ಉಪಕರಣ ಇಟ್ಟು ಮಷಿನ್ ಮೇಲೆ ಅದೇ ಪ್ಲಾನ್ ಓಡಿಸಿ ಲೆಕ್ಕ ತಾಳೆಯಾಗುತ್ತದಾ ಅಂತ ನೋಡುತ್ತಾರೆ. ಅದಕ್ಕೇ ವಾರ ಹಿಡಿಯುವುದು. ಮರೆತುಬಿಟ್ಟಿದ್ದಾರೆ ಅಂದುಕೊಳ್ಳಬೇಡಿ.

ಈಗ ಬಾಗಿಲಿನ ವಿಷಯ. ನಾವು ಹೊರಗೆ ಹೋಗುವುದು ನಿಜ. ನಮಗೆ ಇದು ದಿನದ ಕೆಲಸ, ದಿನವಿಡೀ ಒಳಗೆ ಇದ್ದರೆ ನಮ್ಮ ಮೈಗೆ ಕಿರಣ ಸೇರುತ್ತಾ ಹೋಗುತ್ತದೆ, ಅದಕ್ಕೆ. ಆದರೆ ಹೊರಗೆ ನಮ್ಮ ಕಣ್ಣು ಟಿವಿ ಪರದೆ ಮೇಲೆಯೇ ಇರುತ್ತದೆ. ಒಳಗೆ ಕ್ಯಾಮೆರಾ ಇದೆ, ಮೈಕ್ ಇದೆ. ನಿಮಗೆ ಮಾತಾಡಲು ಆಗುವುದಿಲ್ಲ ಅಲ್ವಾ, ಕೈ ಎತ್ತಿ ಸಾಕು. ಮಾಸ್ಕ್ ಇರುವುದು ಭುಜದವರೆಗೆ, ಕೈಗಳು ಸ್ವತಂತ್ರ. ಕೈ ಎತ್ತಿದ ಕೂಡಲೇ ಕಿರಣ ನಿಲ್ಲಿಸಿ ಒಳಗೆ ಬರುತ್ತೇವೆ, ಲಾಕ್ ಬಿಚ್ಚಲು ಕೆಲವೇ ಸೆಕೆಂಡ್ ಸಾಕು. ಕೆಮ್ಮಿ, ಉಗುಳಿ, ನೀರು ಕುಡಿದು ಮತ್ತೆ ಮಲಗಿ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ, ಮೊದಲಿನಿಂದ ಕೊಡುವುದಿಲ್ಲ, ಡೋಸ್ ಹೆಚ್ಚೂ ಆಗುವುದಿಲ್ಲ. ಕರೆಂಟ್ ಹೋದರೂ ಅಷ್ಟೇ, ಕಿರಣ ತಾನಾಗಿಯೇ ನಿಲ್ಲುತ್ತದೆ. ಈ ಮಷಿನ್ ಕರೆಂಟ್ ಇದ್ದರೆ ಮಾತ್ರ ಕಿರಣ ಹುಟ್ಟಿಸುತ್ತದೆ. ಎಷ್ಟು ಹೋಗಿದೆ ಅನ್ನುವ ಲೆಕ್ಕ ಉಳಿದಿರುತ್ತದೆ, ಬಾಕಿಯನ್ನು ಆಮೇಲೆ ಕೊಡುತ್ತಾರೆ.

ಮೊದಲ ದಿನ ಸ್ವಲ್ಪ ತಡ ಆಗುತ್ತದೆ, ಇದನ್ನು ಮುಂಚೆಯೇ ತಿಳಿದಿರಿ. ಟೇಬಲ್ ಮೇಲೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಯಾಕೆಂದರೆ ನೀವು ಮಲಗಿದ ಮೇಲೆ ಮತ್ತೆ ಚಿತ್ರ ತೆಗೆದು ಪ್ಲಾನ್ ಜೊತೆ ಹೋಲಿಸಿ, ಟೇಬಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತೇವೆ. ಏನೋ ತಪ್ಪಾಗಿದೆ ಅದಕ್ಕೇ ಇಷ್ಟು ಹೊತ್ತು ಅಂತ ಒಳಗೆ ಮಲಗಿ ಯೋಚನೆ ಮಾಡಬೇಡಿ. ಆಮೇಲಿನ ದಿನಗಳಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಅದರಲ್ಲಿ ಕಿರಣ ಬರುವುದು ಕೆಲವೇ ನಿಮಿಷ. ನೋವಿಲ್ಲ, ಬಿಸಿ ಇಲ್ಲ, ಶಾಕ್ ಇಲ್ಲ. ಎಕ್ಸ್‌ರೇ ತೆಗೆಸುವಾಗ ಏನಾದರೂ ಗೊತ್ತಾಗುತ್ತದಾ? ಹಾಗೇ. ಮಷಿನ್ ನಿಮ್ಮ ಸುತ್ತ ತಿರುಗುತ್ತದೆ, ಗುಂಯ್ ಅಂತ ಶಬ್ದ ಬರುತ್ತದೆ, ಮುಟ್ಟುವುದಿಲ್ಲ. ಎಸಿ ಜಾಸ್ತಿ, ಕಾಲಿಗೆ ಹೊದಿಕೆ ಕೇಳಿ.

ಸೋಮವಾರ ಒಳಗೆ ಬಂದ ಕೂಡಲೇ ಹೇಳಬೇಕಾದ ಮಾತು: ನನಗೆ ಮಾಸ್ಕ್ ಅಂದರೆ ಭಯ, ಎಂಜಲು ಗಂಟಲಿಗೆ ಬರುತ್ತದೆ. ಇಷ್ಟೇ. ಹೇಳಿದರೆ ನಾವು ಮಾಡಬಹುದಾದದ್ದು ಬಹಳ ಇದೆ. ಎಲ್ಲ ಸಿದ್ಧ ಮಾಡಿಕೊಂಡು ಕೊನೆಗೆ ಮಾಸ್ಕ್ ಹಾಕಬಹುದು. ಮಲಗುವ ಮುಂಚೆ ಬಾಯಿ ಮುಕ್ಕಳಿಸಲು, ಉಗುಳಲು ಬಿಡಬಹುದು. ಮಾಸ್ಕ್‌ನಲ್ಲಿ ಕಣ್ಣಿನ ಜಾಗ ಕತ್ತರಿಸಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಬಹುದು, ಎಲ್ಲರಿಗೂ ಆಗುವುದಿಲ್ಲ, ಆದರೆ ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಮಧ್ಯೆ ಮಧ್ಯೆ ಮೈಕಿನಲ್ಲಿ ಅರ್ಧ ಆಯಿತು, ಇನ್ನು ಒಂದು ನಿಮಿಷ ಅಂತ ಹೇಳುತ್ತೇವೆ. ಹೇಳದೆ ಸುಮ್ಮನಿದ್ದರೆ ನಮಗೆ ಗೊತ್ತಾಗುವುದು ಹೇಗೆ? ದಿನಕ್ಕೆ ಎಷ್ಟೋ ಜನ ಬರುತ್ತಾರೆ, ಸುಮ್ಮನಿರುವವರೆಲ್ಲ ಆರಾಮಾಗಿದ್ದಾರೆ ಅಂತಲೇ ಅಂದುಕೊಳ್ಳುತ್ತೇವೆ.

ಹೆದರುವವರಲ್ಲಿ ಗಂಡಸರು ಕಡಿಮೆ ಅಂದುಕೊಂಡಿದ್ದರೆ ಅದನ್ನೂ ಬಿಡಿ. ಮೀಸೆ ತಿರುವಿಕೊಂಡು ಬಂದವರ ಕೈ ಹಿಡಿದು ನಿಂತಿದ್ದೇನೆ.

---

ಪಾಂಡವಪುರ_ಕಬ್ಬುಗದ್ದೆ

ಮಷಿನ್‌ರೂಮ್ ಅವರೇ, ಕೈ ಎತ್ತಿದರೆ ನಿಲ್ಲಿಸುತ್ತಾರೆ ಅನ್ನೋದನ್ನು ನನಗೆ ಯಾರೂ ಹೇಳಿರಲಿಲ್ಲ. ಆವತ್ತು ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂತ ಮಾತ್ರ ಅಂದಿದ್ದರು, ಅದಕ್ಕೇ ಕೈ ಬೆರಳು ಸಹ ಅಲ್ಲಾಡಿಸಲಿಲ್ಲ.

ಮೊಮ್ಮಗಳ ವಿಷಯ ಯಾರಾದರೂ ಹೇಳಿ. ಮತ್ತೆ ಆ ಸುಟ್ಟು ಕಪ್ಪಾಗುವುದು ನಿಜವಾ? ಸುಮ್ಮನೆ ಸಮಾಧಾನಕ್ಕೆ ಹೇಳಬೇಡಿ, ಇದ್ದದ್ದು ಹೇಳಿ.

---

ಮದ್ದೂರು_ಮಗ

ನಮ್ಮ ಅಪ್ಪನಿಗೂ ಬಾಯಿ ಕ್ಯಾನ್ಸರ್, ಕೆನ್ನೆ ಒಳಗಿನದು. ಆಪರೇಶನ್, ಆಮೇಲೆ ರೇಡಿಯೇಶನ್. ನಾನೇ ಜೊತೆಗಿದ್ದೆ. ಇದ್ದದ್ದು ಹೇಳಿ ಅಂದಿರಿ, ಹೇಳುತ್ತೇನೆ.

ಮೊಮ್ಮಗಳು ಪಕ್ಕದಲ್ಲೇ ಮಲಗಲಿ. ನಿಮಗೆ ಹೊರಗಿನಿಂದ ಕೊಡುವ ರೇಡಿಯೇಶನ್. ಮಷಿನ್ ಆಫ್ ಆದಮೇಲೆ ನಿಮ್ಮ ಮೈಯಲ್ಲಿ ಏನೂ ಉಳಿಯುವುದಿಲ್ಲ, ನಿಮ್ಮಿಂದ ಬೇರೆಯವರಿಗೆ ಏನೂ ಹೋಗುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಯಾವುದನ್ನೂ ಬೇರೆ ಮಾಡಬೇಕಿಲ್ಲ. ಥೈರಾಯ್ಡ್‌ಗೆ ಕುಡಿಯುವ ಅಯೋಡಿನ್ ಔಷಧಿ ಕೊಟ್ಟವರನ್ನು ಕೆಲವು ದಿನ ಮಕ್ಕಳಿಂದ ದೂರ ಇರಿ ಅನ್ನುತ್ತಾರೆ. ಊರಿನವರು ಅದನ್ನೂ ಇದನ್ನೂ ಒಂದೇ ಮಾಡಿ ಹೇಳುತ್ತಾರೆ. ನಮ್ಮ ಅಜ್ಜಿ ಅಪ್ಪನ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲಿ ನೆನೆಹಾಕುತ್ತಿದ್ದರು, ಅಪ್ಪ ನೋಡಿಯೂ ನೋಡದ ಹಾಗೆ ಇದ್ದರು. ಕೊನೆಗೆ ಡಾಕ್ಟರ ಬಾಯಲ್ಲೇ ಅಜ್ಜಿಗೆ ಹೇಳಿಸಬೇಕಾಯಿತು.

ಕತ್ತು ಕಪ್ಪಾಗುವುದು ನಿಜ. ಎಲ್ಲರಿಗೂ ಒಂದೇ ಮಟ್ಟದಲ್ಲಿ ಅಲ್ಲ. ಮೊದಲ ವಾರ ಏನೂ ಇರುವುದಿಲ್ಲ, ಓಹೋ ಇಷ್ಟೇನಾ ಅನ್ನಿಸುತ್ತದೆ. ಎರಡು ಮೂರನೇ ವಾರದಿಂದ ಬಾಯಿ ಉರಿ, ಹುಣ್ಣು, ರುಚಿ ಹೋಗುವುದು, ಎಂಜಲು ಅಂಟಂಟಾಗುವುದು. ಕತ್ತಿನ ಚರ್ಮ ಕೆಂಪಾಗಿ, ಆಮೇಲೆ ಕಪ್ಪಾಗಿ, ಕೆಲವರಿಗೆ ಸುಲಿಯುತ್ತದೆ. ಕೊನೆಯ ವಾರಗಳೇ ಕಷ್ಟ, ಅದಕ್ಕಿಂತ ಹೆಚ್ಚಾಗಿ ಮುಗಿದ ಮೇಲಿನ ಒಂದೆರಡು ವಾರ, ಮುಗಿಯಿತಲ್ಲ ಇನ್ನೂ ಯಾಕೆ ಉರಿ ಅಂತ ಮನುಷ್ಯ ಕುಸಿಯುತ್ತಾನೆ. ಅಪ್ಪ ಆಗ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಆಮೇಲೆ ಚರ್ಮ ಬೇಗ ಸರಿಹೋಯಿತು, ರುಚಿ ಬರಲು ತಿಂಗಳುಗಳು ಹಿಡಿದವು, ಬಾಯಿ ಒಣಗುವುದು ಈಗಲೂ ಸ್ವಲ್ಪ ಇದೆ, ಜೇಬಿನಲ್ಲಿ ನೀರಿನ ಬಾಟಲಿ ಇಲ್ಲದೆ ಹೊರಡುವುದಿಲ್ಲ. ನಿಮ್ಮ ಊರಿನವರು ನೋಡಿದ್ದು ಆ ನಡುವಿನ ವಾರಗಳನ್ನು. ಆರು ತಿಂಗಳ ನಂತರದ ಕತ್ತನ್ನು ನೋಡಲು ಯಾರೂ ಬರುವುದಿಲ್ಲ.

ಇದೆಲ್ಲ ಕೇಳಿ ಇನ್ನೂ ಹೆದರಿಕೆ ಆಗಬಹುದು. ಆದರೆ ಧೈರ್ಯವಾಗಿರಿ, ಪಾಸಿಟಿವ್ ಆಗಿರಿ ಅಂತ ಹೇಳಿ ಹೋದವರಿಗಿಂತ, ಮೂರನೇ ವಾರ ಹೀಗಾಗುತ್ತದೆ, ಆಗ ಈ ಜೆಲ್ ಹಚ್ಚಿ ಅಂತ ಹೇಳಿದ ಒಬ್ಬ ನರ್ಸಮ್ಮನ ಮಾತೇ ಅಪ್ಪನಿಗೆ ಉಪಯೋಗಕ್ಕೆ ಬಂತು. ಹುಣ್ಣು ಬಂದ ದಿನ, ಅವರು ಹೇಳಿದ್ದರಲ್ಲ ಅಂತ ಸುಮ್ಮನಾದರು.

ಈಗಲೇ ಮಾಡಿಕೊಳ್ಳಬೇಕಾದ್ದು ಕೆಲವು ಇವೆ. ಹಲ್ಲಿನ ಡಾಕ್ಟರಿಗೆ ತೋರಿಸಿದ್ದೀರಾ? ರೇಡಿಯೇಶನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಮೂಳೆ ವಾಸಿಯಾಗದೆ ತೊಂದರೆ ಆಗಬಹುದು. ಕೀಳುವುದಿದ್ದರೆ ಮೊದಲೇ ಕಿತ್ತು ಗಾಯ ಮಾಗಿರಬೇಕು. ಗಡ್ಡಕ್ಕೆ ಬ್ಲೇಡ್ ಬೇಡ, ಎಲೆಕ್ಟ್ರಿಕ್ ಟ್ರಿಮ್ಮರ್ ಸಾಕು. ಕಾಲರ್ ಇಲ್ಲದ ಹತ್ತಿ ಬನಿಯನ್, ಜುಬ್ಬ. ಕತ್ತಿಗೆ ಅರಿಶಿನ, ಕೊಬ್ಬರಿ ಎಣ್ಣೆ ಏನನ್ನೂ ಕೇಳದೆ ಹಚ್ಚಬೇಡಿ. ಗದ್ದೆಗೆ ಹೋದರೆ ಕತ್ತಿಗೆ ಟವೆಲ್. ಹೊಗೆಸೊಪ್ಪು, ಬೀಡಿ ಇವೆಲ್ಲ ಪೂರ್ತಿ ಬಂದ್, ಸೇದುತ್ತಾ ಇದ್ದರೆ ಚಿಕಿತ್ಸೆಯ ಕೆಲಸವೂ ಕಡಿಮೆ, ಹುಣ್ಣೂ ಜಾಸ್ತಿ.

ಊಟ. ತೂಕ ಇಳಿಯಬಾರದು ಅನ್ನೋದೇ ದೊಡ್ಡ ಕೆಲಸ. ತೂಕ ಇಳಿದರೆ ಮುಖ ಸಣ್ಣಗಾಗಿ ಮಾಸ್ಕ್ ಸಡಿಲ ಆಗುತ್ತದೆ, ಮತ್ತೆ ಮಾಸ್ಕ್ ಮಾಡಬೇಕಾಗಬಹುದು. ಅದಂತೂ ನಿಮಗೆ ಬೇಡ ಅಲ್ವಾ! ನಮ್ಮ ಕಡೆಯವರಿಗೆ ಒಂದು ಅನುಕೂಲ, ಮುದ್ದೆಯನ್ನು ಅಗಿಯಬೇಕಿಲ್ಲ. ಮೆತ್ತಗೆ ಮಾಡಿ, ಖಾರ ಹುಳಿ ಇಲ್ಲದ ಬೇಳೆ ಕಟ್ಟಿನಲ್ಲಿ ಅದ್ದಿ ನುಂಗುತ್ತಿದ್ದರು, ಆದಷ್ಟು ದಿನ. ಆದರೆ ನಿಮ್ಮದು ನಾಲಿಗೆ, ನುಂಗುವುದೇ ಕಷ್ಟ ಅನ್ನುತ್ತಿದ್ದೀರಿ, ಹಾಗಾಗಿ ಗಟ್ಟಿ ಯಾವುದು ತೆಳು ಯಾವುದು ಅಂತ ಅಲ್ಲಿ ಕೇಳಿಯೇ ಶುರು ಮಾಡಿ. ಆಮೇಲೆ ರಾಗಿ ಅಂಬಲಿ, ಮಿದ್ದ ಮೊಸರನ್ನ, ಬೇಯಿಸಿದ ಮೊಟ್ಟೆ ಮಿಕ್ಸಿಯಲ್ಲಿ ಹಾಕಿ ಹಾಲಿನ ಜೊತೆ, ಬಾಳೆಹಣ್ಣು. ನುಂಗಲು ಆಗಲೇ ಇಲ್ಲ ಅಂದಾಗ ಮೂಗಿನಿಂದ ಟ್ಯೂಬ್ ಹಾಕಿದರು. ಅಪ್ಪ ಅದನ್ನು ಸೋಲು ಅಂದುಕೊಂಡು ಬೇಡ ಬೇಡ ಅಂದರು, ಹಾಕಿದ ಮೇಲೆ ಹೊಟ್ಟೆ ತುಂಬಿ ನಿದ್ದೆ ಬಂತು. ಹಾಕುತ್ತೇವೆ ಅಂದರೆ ಬೇಡ ಅನ್ನಬೇಡಿ.

ಒಂದು ದೂರು ಇದೆ, ಹೇಳಿಯೇ ಬಿಡುತ್ತೇನೆ. ನಾವು ಹೋಗುತ್ತಿದ್ದ ಕಡೆ ಟೈಮ್ ಕೊಟ್ಟರೂ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಾಯುತ್ತಾ ಕೂತಾಗಲೇ ಹೆದರಿಕೆ ಹೆಚ್ಚುವುದು. ದಿನಾ ಒಂದೇ ಟೈಮ್ ಕೊಡಿ, ದೂರದಿಂದ ಬರುತ್ತೇವೆ ಅಂತ ಮೊದಲ ದಿನವೇ ಗಟ್ಟಿಯಾಗಿ ಕೇಳಿ. ಮಷಿನ್ ಕೆಟ್ಟು ಒಂದು ದಿನ ತಪ್ಪಿದರೆ ಗಾಬರಿ ಬೇಡ, ಅದನ್ನು ಹೇಗೆ ಸರಿದೂಗಿಸಬೇಕು ಅಂತ ಅವರಿಗೆ ಗೊತ್ತು. ಹಬ್ಬ, ತಿಥಿ, ಮದುವೆ ಅಂತ ನೀವಾಗಿ ತಪ್ಪಿಸಬೇಡಿ ಅಷ್ಟೇ.

---

ಮಷಿನ್‌ರೂಮ್_ಮೈಸೂರು

ಮದ್ದೂರಿನವರ ದೂರು ಎಲ್ಲ ಕಡೆಯದ್ದು. ಒಂದು ಮಷಿನ್, ಬೆಳಿಗ್ಗೆಯಿಂದ ರಾತ್ರಿವರೆಗೆ ಸಾಲು, ಒಬ್ಬರಿಗೆ ತಡವಾದರೆ ಹಿಂದಿನವರೆಲ್ಲರಿಗೂ ತಡ. ಸಮರ್ಥನೆ ಅಲ್ಲ, ಕಾರಣ ಹೇಳಿದೆ. ಮಷಿನ್ ಕೆಟ್ಟು ತಪ್ಪಿದರೆ ಕೆಲವೊಮ್ಮೆ ಮುಂದಿನ ಯಾವುದಾದರೂ ಒಂದು ದಿನ ಎರಡು ಸಲ ಕೊಡುತ್ತೇವೆ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು. ಇಲ್ಲದಿದ್ದರೆ ಕೊನೆಗೆ ಸೇರಿಸುತ್ತಾರೆ.

ಮಾತ್ರೆ ಬಗ್ಗೆ ಕೇಳಿದ್ದಿರಿ. ತಪ್ಪೇ ಇಲ್ಲ. ಮಾಸ್ಕ್ ಭಯ ಇರುವವರಿಗೆ ಒಳಗೆ ಬರುವ ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಲು ಡಾಕ್ಟರು ಸಣ್ಣ ಡೋಸ್ ಬರೆದುಕೊಡುವುದು ಉಂಟು. ಎಷ್ಟೋ ಜನ ಮೊದಲ ವಾರ ತೆಗೆದುಕೊಂಡು ಆಮೇಲೆ ತಾವೇ ಬಿಡುತ್ತಾರೆ. ಮೆಡಿಕಲ್ ಅಂಗಡಿಯಿಂದ ನೀವೇ ತಂದುಕೊಳ್ಳಬೇಡಿ, ಗಂಟಲಲ್ಲಿ ಎಂಜಲು ನಿಲ್ಲುವವರಿಗೆ ನಿದ್ದೆ ಬರಿಸುವ ಮಾತ್ರೆಯನ್ನು ನೋಡಿಯೇ ಕೊಡಬೇಕು. ತೆಗೆದುಕೊಂಡ ದಿನ ಬೈಕ್ ಓಡಿಸುವಂತಿಲ್ಲ.

ಮತ್ತೆ, ಮಾಸ್ಕ್ ಎರಡನೇ ಸಲ ಹಾಕುವಾಗ ಅಷ್ಟು ಬಿಸಿ, ಒದ್ದೆ ಇರುವುದಿಲ್ಲ. ಗಟ್ಟಿಯಾಗಿರುತ್ತದೆ, ಸ್ವಲ್ಪ ಬಿಗಿ ಅನ್ನಿಸುತ್ತದೆ. ಅದರ ತೂತುಗಳಿಂದ ಉಸಿರು ಆರಾಮಾಗಿ ಬರುತ್ತದೆ. ನೀವು ಉಸಿರಾಡಬಹುದು, ಕಣ್ಣು ಮಿಟುಕಿಸಬಹುದು, ಎಂಜಲು ನುಂಗಬಹುದು. ಅಲ್ಲಾಡಬೇಡಿ ಅಂದರೆ ಕಲ್ಲಾಗಿ ಅಂತಲ್ಲ.

---

ಕುಕ್ಕರಹಳ್ಳಿ_ವಾಕರ್

ರಾತ್ರಿ ಮೂರು ಗಂಟೆಯ ವಿಷಯ ಬಾಕಿ ಉಳಿಯಿತು. ನಾನು ಮಾಡುತ್ತಿದ್ದದ್ದು ಹೇಳುತ್ತೇನೆ, ಕೆಲಸ ಮಾಡಿದರೆ ಮಾಡಲಿ. ಉಸಿರನ್ನು ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಗೆ ಬಿಡುವುದು ನಿಧಾನ ಆಗಬೇಕು, ಅದೇ ಮುಖ್ಯ. ಹೆದರಿದಾಗ ಜನ ಉಸಿರು ಎಳೆಯುತ್ತಲೇ ಇರುತ್ತಾರೆ, ಅದರಿಂದ ತಲೆ ಸುತ್ತು, ಕೈ ಜುಮ್ಮೆನ್ನುವುದು, ಅದನ್ನು ನೋಡಿ ಮತ್ತೆ ಹೆದರಿಕೆ. ಈ ವಾರ ಮನೆಯಲ್ಲಿ ದಿಂಬಿಲ್ಲದೆ ಅಂಗಾತ ಮಲಗಿ, ಮುಖದ ಮೇಲೆ ತೆಳು ಪಂಚೆ ಹಾಕಿಕೊಂಡು ಇದನ್ನು ಮಾಡಿ ನೋಡಿ. ಮೊದಲು ಎರಡು ನಿಮಿಷ, ಆಮೇಲೆ ಐದು, ಹತ್ತು. ನಿಮ್ಮ ಮನೆಯವರು ಪಕ್ಕದಲ್ಲಿ ಕೂತು ಟೈಮ್ ನೋಡಲಿ. ಎಂಜಲು ತೊಂದರೆ ಕೊಟ್ಟರೆ ತಕ್ಷಣ ಪಂಚೆ ತೆಗೆದು ಎದ್ದು ಕುಳಿತುಕೊಳ್ಳಿ.

ಒಳಗೆ ಮಲಗಿದಾಗ ತಲೆಗೆ ಏನಾದರೂ ಕೆಲಸ ಬೇಕು. ನಾನು ನಮ್ಮ ಬೀದಿಯ ಮನೆಗಳನ್ನು ಒಂದು ಕಡೆಯಿಂದ ನೆನಪಿಸಿಕೊಳ್ಳುತ್ತಿದ್ದೆ, ಯಾರ ಮನೆ, ಯಾವ ಬಣ್ಣದ ಗೇಟು, ನಾಯಿ ಇದೆಯಾ. ನೀವು ಲೆಕ್ಕ ಬರೆಯುವವರು, ನಿಮಗೆ ಬೇರೆ ಏನಾದರೂ ಹೊಳೆಯುತ್ತದೆ. ಹಾಡು ಹಾಕುತ್ತೀರಾ ಅಂತಲೂ ಕೇಳಿ, ಕೆಲವು ಕಡೆ ಹಾಕುತ್ತಾರೆ.

ಇಷ್ಟಾದರೂ ರಾತ್ರಿ ನಿದ್ದೆ ಬರದೆ, ಊಟ ಸೇರದೆ, ರೇಡಿಯೇಶನ್ನೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೂರು ಗಂಟೆಗೂ ಮಾಡಬಹುದು. ಎದುರು ಕೂತು ಮಾತಾಡಬೇಕು ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ, ಮಂಡ್ಯ ಮಿಮ್ಸ್‌ನಲ್ಲೂ ಇದೆ. ಹುಚ್ಚು ಹಿಡಿದವರು ಹೋಗುವ ಜಾಗ ಅದು ಅಂತ ಊರಲ್ಲಿ ಅಂದರೆ ಅನ್ನಲಿ ಬಿಡಿ.

---

ಪಾಂಡವಪುರ_ಕಬ್ಬುಗದ್ದೆ

ಎಲ್ಲರ ಉತ್ತರವನ್ನೂ ಎರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಅವಳು ಮೊದಲು ಬೈದಳು. ಆಮೇಲೆ ಪಂಚೆ ಹಾಕಿಕೊಂಡು ಮಲಗಿದೆ, ಮೊಮ್ಮಗಳು ಬಂದು ತಾತ ಕಣ್ಣಾಮುಚ್ಚಾಲೆ ಆಡುತ್ತಿದ್ದಾನೆ ಅಂತ ಮೇಲೆ ಹತ್ತಿ ಕೂತಳು, ಅಭ್ಯಾಸ ಅಲ್ಲಿಗೆ ಮುಗಿಯಿತು. ರಾತ್ರಿ ಅವಳು ಮಲಗಿದ ಮೇಲೆ ಮತ್ತೆ ಮಾಡಿದೆ. ಹೆದರಿಕೆ ಹೋಗಿದೆ ಅಂತ ಹೇಳುವುದಿಲ್ಲ. ಎಂಜಲಿನ ಚಿಂತೆ ಹಾಗೇ ಇದೆ.

ಹಲ್ಲು ಆಪರೇಶನ್ ಸಮಯದಲ್ಲೇ ನೋಡಿ ಎರಡು ತೆಗೆದಿದ್ದಾರೆ, ಗಾಯ ಮಾಗಿದೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಮಾತ್ರೆ ವಿಷಯ, ಮಾಸ್ಕ್‌ನ ಕಣ್ಣಿನ ಜಾಗದ ವಿಷಯ ಎರಡನ್ನೂ ಕೇಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ದಿನಾ ಹೋಗಿ ಬರುವುದಾ, ಮೈಸೂರಲ್ಲೇ ರೂಮ್ ಮಾಡುವುದಾ? ಮಗ ರೂಮ್ ಮಾಡು ಅನ್ನುತ್ತಾನೆ. ನಮ್ಮದು ಬಿಪಿಎಲ್ ಕಾರ್ಡ್, ಚಿಕಿತ್ಸೆಗೆ ಆಯುಷ್ಮಾನ್‌ನಲ್ಲಿ ಆಗಿದೆ, ಆದರೆ ರೂಮ್ ಬಾಡಿಗೆ ಅದರಲ್ಲಿ ಬರುವುದಿಲ್ಲ ಅಲ್ವಾ.

---

ಮದ್ದೂರು_ಮಗ

ಆಯುಷ್ಮಾನ್‌ನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅದು ಚಿಕಿತ್ಸೆಗೆ. ಹೊರಗೆ ಮಾಡುವ ರೂಮಿಗೆ ಸಿಗುವುದಿಲ್ಲ. ಆಪರೇಶನ್‌ಗೆ ಎಷ್ಟು ಹೋಗಿದೆ, ರೇಡಿಯೇಶನ್‌ಗೆ ಅನುಮತಿ ಬಂದಿದೆಯಾ ಅಂತ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಶುರುವಿಗೆ ಮುಂಚೆಯೇ ಕೇಳಿಕೊಳ್ಳಿ. ಸೋಮವಾರ ಬೆಳಿಗ್ಗೆ ಕೌಂಟರ್‌ನಲ್ಲಿ ಆ ಗೊಂದಲ ಆದರೆ ಅರ್ಧ ಧೈರ್ಯ ಅಲ್ಲೇ ಖಾಲಿ.

ಪಾಂಡವಪುರದಿಂದ ಮೈಸೂರು ದೂರ ಏನಲ್ಲ, ಮೊದಲ ಮೂರು ವಾರ ಹೋಗಿ ಬಂದೇ ಮಾಡಿ. ಮನೆ ಊಟ, ಮನೆ ಹಾಸಿಗೆ, ಮೊಮ್ಮಗಳು. ಬಸ್ಸಿನಲ್ಲಾದರೆ ನಿಮ್ಮ ಮನೆಯವರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಆಧಾರ್ ಇಟ್ಟುಕೊಂಡರೆ ಸಾಕು. ಪಾಂಡವಪುರ ಸ್ಟೇಶನ್‌ನಿಂದ ರೈಲೂ ಇದೆ, ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯಿಂದ ಅವರದೇ ಫಾರ್ಮ್‌ನಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ನಾಲ್ಕನೇ ವಾರದಿಂದ ಸುಸ್ತು ಜಾಸ್ತಿ ಆಗಿ ನಿಂತು ಪ್ರಯಾಣ ಮಾಡಲು ಆಗದಿದ್ದರೆ ಆಗ ರೂಮಿನ ಬಗ್ಗೆ ಯೋಚಿಸಿ. ಈಗಲೇ ಮುಂಗಡ ಕೊಟ್ಟುಬಿಡಬೇಡಿ.

ನಾಳೆ ಫೋನ್ ಮಾಡುವಾಗ ಮಧ್ಯಾಹ್ನಕ್ಕೆ ಮುಂಚಿನ ಟೈಮ್ ಕೇಳಿ. ಹನ್ನೊಂದರ ಒಳಗೆ ಸಿಕ್ಕಿದರೆ ಊಟದ ಹೊತ್ತಿಗೆ ಮನೆಯಲ್ಲಿ ಇರುತ್ತೀರಿ.